ಪಹಣಿಯಲ್ಲಿ ಸಿಗದ ಅಜ್ಜಿ

ಅಪ್ಪ ತೀರಿಕೊಂಡ ಮೇಲೆ ಜಮೀನು ಮಕ್ಕಳ ಹೆಸರಿಗೆ ಬರಬೇಕಾದರೆ ಪೌತಿ ಖಾತೆ ಆಗಬೇಕು. ಪೌತಿ ಖಾತೆಗೆ ಮರಣ ಪ್ರಮಾಣಪತ್ರ ಬೇಕು, ಪಹಣಿ ಬೇಕು, ಜೊತೆಗೆ ವಂಶವೃಕ್ಷ ಬೇಕು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಬಹುಪಾಲು ಮನೆಗಳವರು ತಮ್ಮ ಮನೆತನದ ಮರವನ್ನು ಮೊದಲ ಸಲ ಕಾಗದದ ಮೇಲೆ ಕಾಣುವುದು ನಾಡಕಚೇರಿಯ ಕಿಟಕಿಯ ಮುಂದೆ. 2008ರಲ್ಲಿ ಪಕ್ಕದ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಸುತ್ತಲಿನ ಎಕರೆಯ ಬೆಲೆ ಏರಿತು. ಅದರೊಂದಿಗೆ ಈ ಮರದ ಬೆಲೆಯೂ ಏರಿತು. ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ದಾಯಾದಿಗಳೂ ವಂಶವೃಕ್ಷದ ಸಹಿಗಾಗಿ ಒಂದೇ ಬೆಂಚಿನ ಮೇಲೆ ಕೂರುತ್ತಾರೆ.

ಆ ಸಾಲಿನಲ್ಲಿ ನಿಂತವರಲ್ಲಿ ಒಬ್ಬಿಬ್ಬರಿಗೆ ಬೇರೆಯದೇ ಒಂದು ಹುಳ ಹೊಕ್ಕುತ್ತದೆ. ಅಜ್ಜನ ಹೆಸರು ಸರಿ, ಅಜ್ಜನ ಅಪ್ಪ ಯಾರು? ಅವನು ಈ ಊರಿನವನೇನಾ, ಎಲ್ಲಿಂದಲೋ ಬಂದವನಾ? ಅವನ ಹೆಂಡತಿ ಯಾರ ಮಗಳು? ಈ ಅಧ್ಯಾಯ ಅಂಥವರಿಗಾಗಿ. ನಾನು ಇಲ್ಲಿ ವಾದಿಸಲಿರುವುದು ಇಷ್ಟು: ನಾಡಕಚೇರಿಯ ವಂಶವೃಕ್ಷ ನೆಲದ ಮರ, ರಕ್ತದ ಮರವಲ್ಲ. ನೆಲ ಯಾರಿಂದ ಯಾರಿಗೆ ಹೋಯಿತೆಂದು ಅದು ಹೇಳುತ್ತದೆ. ದೇಹ ಯಾರಿಂದ ಯಾರಿಗೆ ಬಂತೆಂದು ತಿಳಿಯಲು ಬೇರೆ ಕಡೆಯಿಂದ ಹೊರಡಬೇಕು. ಅದರಲ್ಲೂ ಅಮ್ಮಂದಿರ ಕಡೆಯಿಂದ.

ಮೊದಲು ಮನೆಯ ಹಿರಿಯರು. ಅವರನ್ನು ಇಸವಿ ಕೇಳಿ ಪ್ರಯೋಜನವಿಲ್ಲ, ಘಟನೆ ಕೇಳಬೇಕು. ಗೌರಿಬಿದನೂರು ತಾಲ್ಲೂಕಿನ ಒಬ್ಬ ಅಜ್ಜಿ ‘ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆದಾಗ ನಮ್ಮಣ್ಣ ಅಮ್ಮನ ಸೊಂಟದ ಮೇಲಿದ್ದನಂತೆ, ನಾನಿನ್ನೂ ಹುಟ್ಟಿರಲಿಲ್ಲ’ ಎಂದರೆನ್ನಿ. ಗೋಲಿಬಾರ್ ಆದದ್ದು 1938ರ ಏಪ್ರಿಲ್ 25ರಂದು. ಸೊಂಟದ ಮೇಲಿದ್ದ ಮಗುವಿಗೆ ಒಂದರಿಂದ ಮೂರು ವರ್ಷ. ಅಲ್ಲಿಗೆ ಅಣ್ಣನ ಹುಟ್ಟು 1935ರಿಂದ 37ರ ನಡುವೆ, ತಂಗಿಯ ಹುಟ್ಟು ಆ ದಿನದ ನಂತರ. ಅದೇ ಅಣ್ಣನ ಶಾಲಾ ದಾಖಲೆಯಲ್ಲಿ ಜೂನ್ 1, 1940 ಎಂದಿದ್ದರೆ ನಾನು ನಂಬುವುದು ಅಜ್ಜಿಯನ್ನು. ಒಂದನೇ ತರಗತಿಗೆ ಸೇರಿಸುವಾಗ ಮೇಷ್ಟ್ರು ತಮ್ಮ ಅಂದಾಜಿನಲ್ಲಿ ಬರೆದ ಜೂನ್ ತಿಂಗಳ ತಾರೀಖಿಗೆ ಆ ತಲೆಮಾರಿನ ಎಷ್ಟೋ ಮಂದಿ ಹುಟ್ಟಿದ್ದಾರೆ. ಜನನ ಮರಣಗಳನ್ನು ಎಲ್ಲ ಕಡೆ ಕಡ್ಡಾಯವಾಗಿ ನೋಂದಾಯಿಸುವ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಹಿಂದಿನ ಹುಟ್ಟಿದ ದಿನಗಳನ್ನೆಲ್ಲ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುವುದು ಲೇಸು.

ಈ ಮಾತಿಗೆ ಜಿಲ್ಲೆಯ ಅತಿ ಪ್ರಸಿದ್ಧ ವ್ಯಕ್ತಿಯೂ ಹೊರತಲ್ಲ. ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನ ಸೆಪ್ಟೆಂಬರ್ 15 ಎನ್ನುವುದರಲ್ಲಿ ತಕರಾರಿಲ್ಲ. ಇಸವಿ ಮಾತ್ರ ಕೆಲವು ಪುಸ್ತಕಗಳಲ್ಲಿ 1860, ಕೆಲವುಗಳಲ್ಲಿ 1861. ಅಂಚೆ ಇಲಾಖೆ ಜನ್ಮಶತಮಾನೋತ್ಸವದ ಚೀಟಿ ತಂದದ್ದು 1960ರಲ್ಲಿ, ಅವರಿನ್ನೂ ಬದುಕಿದ್ದಾಗ. ಭಾರತರತ್ನರ ವಿಷಯದಲ್ಲೇ ಹೀಗಾದರೆ ನಮ್ಮ ನಿಮ್ಮ ಮುತ್ತಾತನ ಇಸವಿಗೆ ಒಂದೆರಡು ವರ್ಷದ ಅಂತರ ಬಿಡುವುದು ಅವಮಾನವಲ್ಲ, ವಿಜ್ಞಾನ. ಅಳತೆಯೊಂದಿಗೆ ಅದರ ತಪ್ಪಿನ ಮಿತಿಯನ್ನೂ ಬರೆಯುವುದು ಪ್ರಯೋಗಶಾಲೆಯ ಮೊದಲ ಪಾಠ.

ವಿಶ್ವೇಶ್ವರಯ್ಯನವರ ಹೆಸರಿನ ‘ಎಂ’ ಕೂಡ ನಮಗೆ ಪಾಠವೇ. ಮೋಕ್ಷಗುಂಡಂ ಎಂಬುದು ಆಂಧ್ರದ ಒಂದು ಊರು. ಅವರ ಪೂರ್ವಿಕರು ಅಲ್ಲಿಂದ ಬಂದವರು. ಊರು ಬಿಟ್ಟು ತಲೆಮಾರುಗಳು ಕಳೆದರೂ ಹೆಸರಿನ ಮೊದಲಕ್ಷರ ಊರನ್ನು ಬಿಡಲಿಲ್ಲ. ಚಿಂತಾಮಣಿ, ಗೌರಿಬಿದನೂರು ಕಡೆಯ ತೆಲುಗು ಮಾತಿನ ಮನೆಗಳಲ್ಲಿ ‘ಇಂಟಿಪೇರು’ ಮಾಡುವ ಕೆಲಸವೂ ಇದೇ. ಕನ್ನಡ ಮಾತಿನ ಒಕ್ಕಲಿಗ, ಕುರುಬ ಮನೆಗಳಲ್ಲಿ ಬೆಡಗು ಕೇಳಬೇಕು, ಮನೆದೇವರು ಎಲ್ಲಿದೆ ಎಂದು ಕೇಳಬೇಕು. ದೂರದ ಯಾವುದೋ ಹಳ್ಳಿಯ ದೇವರಿಗೆ ಹರಕೆ ಒಪ್ಪಿಸಲು ವರ್ಷವರ್ಷವೂ ಹೋಗುವ ಮನೆ ಒಂದು ಕಾಲಕ್ಕೆ ಆ ಹಳ್ಳಿಯಿಂದ ಎದ್ದು ಬಂದಿರುವ ಸಾಧ್ಯತೆ ಹೆಚ್ಚು. ಮುಸ್ಲಿಂ ಮನೆಗಳಲ್ಲಿ ಶಜರಾ, ಅಂದರೆ ವಂಶಾವಳಿ, ಇದ್ದರೆ ಅದನ್ನು, ಇಲ್ಲದಿದ್ದರೆ ಜಮಾತಿನ ನಿಕಾಹ್ ಪುಸ್ತಕವನ್ನು ಹುಡುಕಬೇಕು. ನಿಕಾಹ್ ದಾಖಲೆಯಲ್ಲಿ ವಧುವಿನ ಹೆಸರೂ ಅವಳ ತಂದೆಯ ಹೆಸರೂ ಇರುವುದು ದೊಡ್ಡ ಅನುಕೂಲ.

ಆದರೆ ನೆನಪಿಗೆ ಒಂದು ತಳವಿದೆ. ಈ ಸೀಮೆಯಲ್ಲಿ ನಾಲ್ಕೈದು ತಲೆ ಹಿಂದಕ್ಕೆ ಹೋಗುವಷ್ಟರಲ್ಲಿ ಎದುರಾಗುವುದು ಧಾತು, ಈಶ್ವರ ಸಂವತ್ಸರಗಳ ಬರ. 1876ರಿಂದ 78ರವರೆಗಿನ ಆ ಬರದಲ್ಲಿ ಮೈಸೂರು ಸಂಸ್ಥಾನ ಎಷ್ಟು ಜನರನ್ನು ಕಳೆದುಕೊಂಡಿತೆನ್ನುವುದಕ್ಕೆ ಎರಡು ಜನಗಣತಿಗಳೇ ಸಾಕ್ಷಿ: 1871ರಲ್ಲಿ 50 ಲಕ್ಷದ 55 ಸಾವಿರ, 1881ರಲ್ಲಿ 41 ಲಕ್ಷದ 86 ಸಾವಿರ. ಈ ಸೀಮೆ ಆಗ ಸೇರಿದ್ದ ಕೋಲಾರ ಜಿಲ್ಲೆ ಹೆಚ್ಚು ನೊಂದ ಜಿಲ್ಲೆಗಳಲ್ಲೊಂದು. ಇಡೀ ಮನೆಗಳು ಅಳಿದವು, ಉಳಿದವರು ಗುಳೆ ಹೋದರು. ಬರಕ್ಕೆ ಮುಂಚಿನ ಹೆಸರು ಕೇಳಿದರೆ ಹಿರಿಯರಿಂದ ಬರುವ ಉತ್ತರ ಎಷ್ಟೋ ಸಲ ಬರೀ ಒಂದು ಊರಿನ ಹೆಸರು. ಸಂವತ್ಸರದ ಹೆಸರು ಸಿಕ್ಕಾಗಲೂ ಎಚ್ಚರ ಬೇಕು. ಧಾತು ಸಂವತ್ಸರ 1876ರಲ್ಲಿ ಬಂತು, 1936ರಲ್ಲಿ ಬಂತು, 1996ರಲ್ಲೂ ಬಂತು. ಹಳೆಯ ಜಾತಕದಲ್ಲಿ ಧಾತು ಎಂದಿದ್ದರೆ ತಿಥಿ, ವಾರ ಎರಡನ್ನೂ ಪಂಚಾಂಗದ ಲೆಕ್ಕಕ್ಕೆ ಹಾಕಿ ನೋಡಬೇಕು. ಅರವತ್ತು ವರ್ಷದ ಅಂತರದ ಎರಡು ದಿನಗಳಲ್ಲಿ ಅದೇ ತಿಥಿ ಅದೇ ವಾರಕ್ಕೆ ಬೀಳುವುದು ಅಪರೂಪವಾದ್ದರಿಂದ ಸಾಮಾನ್ಯವಾಗಿ ಒಂದೇ ಇಸವಿ ಉಳಿಯುತ್ತದೆ.

ಹೆಸರುಗಳದು ಇನ್ನೊಂದು ತೊಡಕು. ಮುನಿಯಪ್ಪ, ದೊಡ್ಡಮುನಿಯಪ್ಪ, ಚಿಕ್ಕಮುನಿಯಪ್ಪ, ಮುನಿವೆಂಕಟಪ್ಪ, ಪಿಳ್ಳಪ್ಪ, ನಂಜಪ್ಪ: ಈ ಆರು ಹೆಸರುಗಳಲ್ಲಿ ಒಂದು ಇಡೀ ಊರಿನ ಮತದಾರರ ಪಟ್ಟಿ ಮುಗಿಸಬಹುದೇನೋ ಅನ್ನಿಸುವಷ್ಟು ಅವು ಮರಳಿ ಮರಳಿ ಬರುತ್ತವೆ. ಮೊದಲ ಮೊಮ್ಮಗನಿಗೆ ತಾತನ ಹೆಸರಿಡುವ ರೂಢಿಯಿಂದ ಪಿಳ್ಳಪ್ಪನ ಮಗ ಮುನಿಯಪ್ಪ, ಮುನಿಯಪ್ಪನ ಮಗ ಪಿಳ್ಳಪ್ಪ, ಅವನ ಮಗ ಮತ್ತೆ ಮುನಿಯಪ್ಪ. ನೆನಪು ಇಬ್ಬರು ಪಿಳ್ಳಪ್ಪಂದಿರನ್ನು ಒಬ್ಬನನ್ನಾಗಿ ಮಾಡಿಬಿಡುತ್ತದೆ. ಮರದಲ್ಲಿ ಎರಡು ತಲೆಮಾರು ಮಾಯ. ಲೆಕ್ಕ ಹಾಕಿ ನೋಡಿದಾಗ ಅಪ್ಪನಿಗೂ ಮಗನಿಗೂ ಎಪ್ಪತ್ತು ವರ್ಷದ ಅಂತರ ಬಂತೆಂದರೆ ನಡುವೆ ಯಾರೋ ಬಿಟ್ಟುಹೋಗಿದ್ದಾರೆ ಎಂದೇ ಅರ್ಥ.

ಇಲ್ಲಿಂದ ಮುಂದೆ ಕಾಗದ. ಬ್ರಿಟನ್ನಿನಲ್ಲಿ ನೂರು ವರ್ಷ ಕಳೆದ ಜನಗಣತಿಯ ಮನೆಮನೆಯ ಹಾಳೆಗಳನ್ನು ಸಾರ್ವಜನಿಕರಿಗೆ ತೆರೆಯುತ್ತಾರೆ. 1921ರದ್ದು 2022ರಲ್ಲಿ ತೆರೆಯಿತು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆ ಮನೆಯ ವಿವರಗಳನ್ನು ಗೋಪ್ಯವಾಗಿಟ್ಟಿದೆ, ಆ ದಾರಿ ಇಲ್ಲ. ಆದರೆ ಕಂದಾಯ ಇಲಾಖೆ ಇದೆ. ಮೈಸೂರು ಸೀಮೆಯ ಹಳೇ ಪತ್ರಗಳಲ್ಲಿ ಯಾರ ಹೆಸರೂ ಒಂಟಿಯಾಗಿ ನಿಲ್ಲುವುದಿಲ್ಲ: ‘ಮುನಿಯಪ್ಪ ಬಿನ್ ಪಿಳ್ಳಪ್ಪ’, ‘ನಂಜಮ್ಮ ಕೋಂ ಮುನಿಯಪ್ಪ’. ಬಿನ್ ಎಂದಲ್ಲಿ ಒಂದು ತಲೆಮಾರು ಜೋಡಿಸಿಕೊಂಡೇ ಬಂತು. ಭೂಮಿ ತಂತ್ರಾಂಶದ ಪಹಣಿಯಿಂದ ಹೊರಟು ಮ್ಯುಟೇಶನ್ ಹಿಡಿದು, ಕೈಬರಹದ ಪಹಣಿಗೆ ಹೋಗಿ, ಅಲ್ಲಿಂದ ಹಕ್ಕುದಾಖಲೆ, ಹಿಸ್ಸಾ ಟಿಪ್ಪಣಿಗಳಿಗೆ ಇಳಿದರೆ ಮೂರು ನಾಲ್ಕು ಬಿನ್‌ಗಳು ಸಿಗುವುದು ಕಷ್ಟವಲ್ಲ. ಮೈಸೂರಿನಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಹುಡುಕುವಾಗ ಇನ್ನೊಂದು ನೆನಪಿರಲಿ: ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿದ್ದು 2007ರಲ್ಲಿ, ಅಲ್ಲಿಯವರೆಗಿನ ಕಡತಗಳ ಮೇಲೆಲ್ಲ ಇರುವುದು ಕೋಲಾರದ ಹೆಸರು.

ನನಗೆ ಅತಿ ಪ್ರಿಯವಾದ ಕಾಗದವೆಂದರೆ ಉಪನೋಂದಣಾಧಿಕಾರಿ ಕಚೇರಿಯ ವಿಭಾಗ ಪತ್ರ. ಅಣ್ಣತಮ್ಮಂದಿರು ಪಾಲಾದಾಗ ಎಲ್ಲರ ಹೆಸರು, ವಯಸ್ಸು, ಕೆಲವೊಮ್ಮೆ ತೀರಿಕೊಂಡ ಅಣ್ಣನ ಹೆಂಡತಿಯ ಹೆಸರು, ಮೈನರ್ ಮಕ್ಕಳ ಹೆಸರು ಎಲ್ಲ ಒಂದೇ ಕಡೆ ದಾಖಲಾಗುತ್ತವೆ. ಅದರ ಚಕ್ಕುಬಂದಿಯನ್ನಂತೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಬೇಕು. ಪೂರ್ವಕ್ಕೆ ನಂಜಪ್ಪ ಬಿನ್ ಪಿಳ್ಳಪ್ಪನ ಜಮೀನು, ದಕ್ಷಿಣಕ್ಕೆ ವೆಂಕಟಪ್ಪ ಬಿನ್ ಪಿಳ್ಳಪ್ಪನ ಜಮೀನು ಎಂದಿದ್ದು, ನಮ್ಮ ಮುನಿಯಪ್ಪನ ಅಪ್ಪನೂ ಪಿಳ್ಳಪ್ಪನೇ ಆಗಿದ್ದರೆ, ಮೂವರೂ ಅಣ್ಣತಮ್ಮಂದಿರೆಂಬ ಗುಮಾನಿ ಹುಟ್ಟುತ್ತದೆ. ಒಂದೇ ಹೊಲ ಮೂರು ಹೋಳಾಗಿ ಅಕ್ಕಪಕ್ಕ ಬಿದ್ದಿರುತ್ತದೆ. ಮರೆತುಹೋದ ದಾಯಾದಿಗಳು ಸಿಗುವುದು ಈ ಬದುವಿನ ಆಚೆಗೇ.

ನೆಲವಿಲ್ಲದವರ ಪಾಡೇನು? ಪಹಣಿಯನ್ನೇ ನೆಚ್ಚಿದ ವಂಶಶೋಧ ಜೀತಗಾರರ ಮನೆಯ ಬಾಗಿಲಲ್ಲಿ ನಿಂತುಬಿಡುತ್ತದೆ. ಅಲ್ಲಿ ನೆರವಿಗೆ ಬರುವುದು ತೋಟಿ, ತಳವಾರ, ನೀರಗಂಟಿ ಇನಾಮತಿಯ ಕಡತ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಡಿ ಆ ಜಮೀನುಗಳನ್ನು ಹಳೆಯ ಹುದ್ದೆದಾರರ ಮನೆಗಳಿಗೇ ಮರುಮಂಜೂರು ಮಾಡಲು ಅವಕಾಶವಿತ್ತು. ಹುದ್ದೆ ತಮ್ಮ ಮನೆಗೆ ಸೇರಿದ್ದೆಂದು ತೋರಿಸಲು ಆ ಮನೆಗಳು ತಮ್ಮ ಪೀಳಿಗೆಯನ್ನೂ ಹೇಳಬೇಕಾಗುತ್ತಿತ್ತು. ಶಾನುಭೋಗರ ಮನೆಯಷ್ಟೇ ತೋಟಿಯ ಮನೆಯೂ ಕಾಗದದಲ್ಲಿ ಉಳಿದಿರುವ ಒಂದೇ ಜಾಗ ಬಹುಶಃ ಇದು. ಇನ್ನೂ ಕೆಳಗಿನವರಿಗೆ ಶಾಲೆಯ ದಾಖಲಾತಿ ಪುಸ್ತಕವೇ ಮೊದಲ ಕಾಗದ.

ಕಾಗದಕ್ಕೂ ನೆನಪಿಗೂ ನಡುವೆ ನಿಂತವರು ಹೆಳವರು. ಎತ್ತಿನ ಮೇಲೆ ಕೂತು, ಕಾಲಿಗೆ ಕಂಬಳಿ ಮುಚ್ಚಿಕೊಂಡು ಒಕ್ಕಲ ಮನೆಗಳಿಗೆ ಬಂದು ಆ ಮನೆಯ ಪೀಳಿಗೆಯನ್ನು ಒಪ್ಪಿಸುವವರು. ತೆಲುಗು ಮಾತಿನ ಕಾಪು, ರೆಡ್ಡಿ ಮನೆಗಳಿಗೆ ಅದೇ ಕೆಲಸ ಮಾಡುತ್ತಿದ್ದವರು ಪಿಚ್ಚಗುಂಟ್ಲವರು. 1909ರಲ್ಲಿ ಎಡ್ಗರ್ ಥರ್ಸ್ಟನ್ ತನ್ನ ಗ್ರಂಥದಲ್ಲಿ ಇಬ್ಬರನ್ನೂ ವರ್ಣಿಸಿದ್ದಾನೆ. ಇವರ ಹೇಳಿಕೆಯನ್ನು ವೇದವಾಕ್ಯ ಎನ್ನಲಾಗದು: ಕಾಳು, ಬಟ್ಟೆ ಕೊಡುವ ಮನೆಯೆದುರು ಅದರ ಹಿರಿಯರನ್ನು ಹೊಗಳದೆ ಇರಲಾದೀತೆ? ಆದರೂ ಹೆಳವರ ಲೆಕ್ಕ ಕಂದಾಯ ಇಲಾಖೆಯನ್ನು ನೋಡಿ ಬರೆದದ್ದಲ್ಲ, ಕಂದಾಯದ ಲೆಕ್ಕ ಹೆಳವರನ್ನು ಕೇಳಿ ಬರೆದದ್ದಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಾಕ್ಷಿಗಳು ಒಂದೇ ಹೆಸರು ಹೇಳಿದರೆ ಅದಕ್ಕೆ ತೂಕವಿದೆ. ಒಬ್ಬನೇ ಹೇಳಿದ್ದನ್ನು ಹತ್ತು ಜನ ನಕಲು ಮಾಡಿದರೆ ಇಲ್ಲ.

ಇನ್ನು ಶಾಸನಗಳ ಚಪಲ. ಬಿ. ಎಲ್. ರೈಸ್ ಕೋಲಾರ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟವಾಗಿ 1905ರಲ್ಲಿ ಹೊರತಂದರು. ತಾಲ್ಲೂಕುವಾರು ಅಂಕೆ ಕೊಟ್ಟಿರುವುದರಿಂದ ನಿಮ್ಮ ಊರಿನ ಕಲ್ಲನ್ನು ಹುಡುಕುವುದು ಸುಲಭ. ವೀರಗಲ್ಲಿನಲ್ಲಿ ಯಾವನೋ ಗೌಡನ ಹೆಸರು ಕಂಡ ತಕ್ಷಣ ಅವನಿಂದ ನಮ್ಮ ಮನೆಗೆ ಹಾರುವ ಆಸೆ ಯಾರಿಗೂ ಬರುತ್ತದೆ. ನಡುವಿನ ಇಪ್ಪತ್ತು ಮೂವತ್ತು ತಲೆಮಾರಿನ ಕೊಂಡಿ ಇಲ್ಲದೆ ಹಾರಬಾರದು. ಮೊರಸು ಒಕ್ಕಲಿಗರ ಐತಿಹ್ಯವೂ ಹಾಗೆಯೇ. ಕಂಚಿಯ ಕಡೆಯಿಂದ ಏಳು ಮಂದಿ ಒಕ್ಕಲಿಗರು ದೊಡ್ಡಮ್ಮ ಎಂಬ ಹುಡುಗಿಯನ್ನು ಕಾಪಾಡಿಕೊಂಡು ಓಡಿಬಂದು ನಂದಿಯ ಪೂರ್ವಕ್ಕಿರುವ ರಾಮಸ್ವಾಮಿ ಬೆಟ್ಟದ ಬುಡದಲ್ಲಿ ಬಿಡಾರ ಹೂಡಿದರಂತೆ. ಅವರ ಮುಖಂಡ ರಣಭೈರೇಗೌಡ. ಆವತಿಯಲ್ಲಿ ನೆಲೆ ನಿಂತ ಆ ಮನೆತನದ ಮಲ್ಲಬೈರೇಗೌಡ 1479ರ ಸುಮಾರಿಗೆ ಚಿಕ್ಕಬಳ್ಳಾಪುರದ ಕೋಟೆ ಕಟ್ಟಿಸಿದನೆಂದು ಹೇಳುತ್ತಾರೆ. ವಲಸೆ ನಡೆದಿರಬಹುದು. ಆದರೆ ಲಕ್ಷಗಟ್ಟಲೆ ಜನರ ಒಂದು ಸಮುದಾಯ ಏಳೇ ಗಂಡಸರಿಂದ ಇಳಿದುಬಂತು ಎನ್ನುವುದು ಲೆಕ್ಕಕ್ಕೆ ನಿಲ್ಲದ ಮಾತು. ಗಮನಿಸಬೇಕಾದ್ದು ಬೇರೆ: ಆ ಕಥೆಯಲ್ಲಿ ವಲಸೆಗೆ ಕಾರಣಳಾದವಳು ಹೆಣ್ಣು, ವಂಶಾವಳಿ ಶುರುವಾದ ಮರುಗಳಿಗೆ ಅವಳ ಹೆಸರು ನಾಪತ್ತೆ.

ಹೆಣ್ಣು ಕಾಗದದಲ್ಲಿ ಕಳೆದುಹೋಗುವುದು ಹಲವು ಬಗೆಯಲ್ಲಿ. ‘ಕೋಂ’ ಎಂದು ಬರೆದಾಗ ಗಂಡ ಗೊತ್ತಾಗುತ್ತಾನೆ, ಅಪ್ಪ ಗೊತ್ತಾಗುವುದಿಲ್ಲ. ಕೆಲವು ಮನೆಗಳಲ್ಲಿ ಮದುವೆಯ ದಿನವೇ ಹೆಸರು ಬದಲಿಸುತ್ತಿದ್ದರಿಂದ ತವರಿನ ಗೌರಮ್ಮ ಗಂಡನ ಮನೆಯ ಲಕ್ಷ್ಮಮ್ಮನಾಗಿ, ಒಬ್ಬಳು ಇಬ್ಬರಾಗುತ್ತಾಳೆ. ಗಂಡು ಮಕ್ಕಳಿಲ್ಲದ ಮನೆ ಅಳಿಯನನ್ನೇ ತಂದಿಟ್ಟುಕೊಂಡರೆ ಕಾಗದದಲ್ಲಿ ಖಾತೆ ಮಾವನಿಂದ ಅಳಿಯನಿಗೆ ಸರಾಗವಾಗಿ ಹರಿಯುತ್ತದೆ. ದೇಹಕ್ಕೆ ಸಂಬಂಧಪಟ್ಟ ಕೊಂಡಿ ಮಾತ್ರ ನಡುವೆ ನಿಂತ ಮಗಳು, ಅವಳ ಹೆಸರು ಎಲ್ಲೂ ಇಲ್ಲ. ದತ್ತು ಹೋದಲ್ಲೂ ಇದೇ ಕಥೆ. ಕಾನೂನು ಈಚೆಗೆ ಒಂದಷ್ಟು ಸರಿಪಡಿಸಿದೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಖಚಿತಗೊಳಿಸಿತು. ಅಲ್ಲಿಂದ ಮುಂದೆ ಅಕ್ಕತಂಗಿಯರನ್ನು ಬಿಟ್ಟು ಮಾಡಿದ ವಂಶವೃಕ್ಷ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಆದರೂ ಅಜ್ಜಿಯ ಅಮ್ಮ, ಅವಳ ಅಮ್ಮ ಇವರನ್ನು ಯಾವ ಕಾಯ್ದೆಯೂ ಕೇಳುವುದಿಲ್ಲ.

ಈ ವಿಷಯದಲ್ಲಿ ಶಿಡ್ಲಘಟ್ಟದವರು ಮನುಷ್ಯರಿಗಿಂತ ರೇಷ್ಮೆ ಹುಳುವಿನ ವಂಶವನ್ನು ಚೆನ್ನಾಗಿ ಬಲ್ಲರು. ಇಲ್ಲಿನ ರೈತರು ಬೆಳೆಯುವ ‘ಸಿಬಿ’ ಹುಳುವಿನ ತಾಯಿ ಮೈಸೂರು ತಳಿ, ತಂದೆ ಬೈವೋಲ್ಟೀನ್ (ವರ್ಷಕ್ಕೆ ಎರಡು ಪೀಳಿಗೆಯ) ತಳಿ. ತಿರುಗಾಮುರುಗ ಮಾಡುವುದಿಲ್ಲ, ಅದಕ್ಕೆ ಕಾರಣವಿದೆ. ಇಟ್ಟ ಮೊಟ್ಟೆ ಹತ್ತು ದಿನದಲ್ಲಿ ಒಡೆಯಬೇಕೋ ತಿಂಗಳುಗಟ್ಟಲೆ ನಿದ್ದೆ ಹೋಗಬೇಕೋ ಎನ್ನುವುದನ್ನು ತೀರ್ಮಾನಿಸುವುದು ತಾಯಿ ಚಿಟ್ಟೆ. ವರ್ಷವಿಡೀ ಮರಿ ಮಾಡುವ ಮೈಸೂರು ತಳಿ ತಾಯಿಯಾದರೆ ಮೊಟ್ಟೆಯೂ ಅವಳ ಗುಣದಂತೆ ಬೇಗ ಒಡೆಯುತ್ತದೆ. ಪೆಬ್ರಿನ್ ರೋಗವೂ ತಾಯಿಯಿಂದ ಮೊಟ್ಟೆಗೆ ದಾಟುತ್ತದೆ. ಲೂಯಿ ಪಾಶ್ಚರ್ ತೋರಿಸಿಕೊಟ್ಟ ಹಾಗೆ ಬಿತ್ತನೆ ಕೇಂದ್ರಗಳಲ್ಲಿ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅದಕ್ಕೇ. ಇನ್ನೊಂದು ಸ್ವಾರಸ್ಯ ಕೇಳಿ. ಮನುಷ್ಯರಲ್ಲಿ ಅಪ್ಪನಿಂದ ಮಗನಿಗೆ ಮಾತ್ರ ದಾಟುವ ವೈ ವರ್ಣತಂತು ಇದೆ. ರೇಷ್ಮೆ ಹುಳುವಿನಲ್ಲಿ ಅದರ ಸ್ಥಾನದಲ್ಲಿರುವುದು ಡಬ್ಲ್ಯೂ ವರ್ಣತಂತು, ಅದು ದಾಟುವುದು ತಾಯಿಯಿಂದ ಮಗಳಿಗೆ. ಹುಳುಗಳಿಗೆ ನಾಡಕಚೇರಿ ಇದ್ದಿದ್ದರೆ ವಂಶವೃಕ್ಷದಲ್ಲಿ ಅಪ್ಪಂದಿರ ಕಾಲಮ್ಮೇ ಇರುತ್ತಿರಲಿಲ್ಲ.

ಮನುಷ್ಯರಲ್ಲಿ ತಾಯಿಯ ಗುರುತು ಬೇರೆ ಕಡೆ ಇದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳಲ್ಲಿ ಪ್ರತ್ಯೇಕವಾದ ಒಂದು ಪುಟ್ಟ ಡಿಎನ್ಎ ಇದೆ: 16,569 ಅಕ್ಷರ, 37 ಜೀನ್. ಅದು ತಾಯಿಯಿಂದ ಮಕ್ಕಳೆಲ್ಲರಿಗೂ ಬರುತ್ತದೆ, ಮುಂದೆ ದಾಟುವುದು ಹೆಣ್ಣುಮಕ್ಕಳ ಮೂಲಕ ಮಾತ್ರ. ಪಹಣಿಯಲ್ಲಿ ಸಿಗದ, ಅಮ್ಮನ ಕಡೆಯ ಅಜ್ಜಿಯ ಅಮ್ಮನ ಅಮ್ಮ ನಿಮ್ಮ ಬಹುತೇಕ ಎಲ್ಲ ಜೀವಕೋಶಗಳಲ್ಲಿ ತನ್ನ ರುಜು ಹಾಕಿದ್ದಾಳೆ. ಗಂಡಸರಿಗೆ ವೈ ಮೂಲಕ ಅಪ್ಪನ ಅಪ್ಪನ ಅಪ್ಪನ ಸಾಲೂ ಸಿಗುತ್ತದೆ. ಆದರೆ ಈ ಎರಡೂ ಸಾಲುಗಳು ಮರದ ಎರಡು ಅಂಚಿನ ಗೆರೆಗಳು ಅಷ್ಟೆ. ಹತ್ತು ತಲೆಮಾರು ಹಿಂದಕ್ಕೆ, ಅಂದರೆ ಸುಮಾರು ಹೈದರಾಲಿಯ ಕಾಲಕ್ಕೆ ಹೋದರೆ, ನಿಮಗೆ 1,024 ಪೂರ್ವಿಕರ ಸ್ಥಾನಗಳಿವೆ. ವೈ ಹೇಳುವುದು ಅವರಲ್ಲಿ ಒಬ್ಬನ ಕಥೆ, ಮೈಟೊಕಾಂಡ್ರಿಯಾ ಹೇಳುವುದು ಒಬ್ಬಳದ್ದು. ಉಳಿದ 1,022 ಮಂದಿಯನ್ನು ‘ನಮ್ಮ ವಂಶ’ ಎನ್ನುವಾಗ ನಾವು ಎಣಿಸುವುದೇ ಇಲ್ಲ.

ಆ 1,022 ಮಂದಿಯ ಡಿಎನ್ಎ ಉಳಿದ 22 ಜೋಡಿ ವರ್ಣತಂತುಗಳಲ್ಲಿ ಚೂರುಚೂರಾಗಿ ಬರುತ್ತದೆ. ಪ್ರತಿ ತಲೆಮಾರಿನಲ್ಲೂ ಅಪ್ಪ ಅಮ್ಮನ ವರ್ಣತಂತುಗಳು ಅಲ್ಲಲ್ಲಿ ತುಂಡಾಗಿ ಬೆಸೆದುಕೊಳ್ಳುತ್ತವೆ. ತಜ್ಞರ ಲೆಕ್ಕದಲ್ಲಿ ಹತ್ತು ತಲೆಮಾರಿನ ಹಿಂದಿನವರಿಂದ ನಿಮಗೆ ಬಂದಿರುವ ಚೂರುಗಳು ಸರಾಸರಿ 640ರ ಆಸುಪಾಸು. ಪೂರ್ವಿಕರು ಸಾವಿರದ ಮೇಲೆ, ಚೂರು ಆರುನೂರ ಚಿಲ್ಲರೆ. ಎಂದ ಮೇಲೆ ಅವರಲ್ಲಿ ಅರ್ಧದಷ್ಟು ಮಂದಿಯಿಂದ ನಿಮಗೆ ಒಂದು ಚೂರೂ ಬಂದಿಲ್ಲ. ಅವರು ನಿಮ್ಮ ಪೂರ್ವಿಕರು ಹೌದು, ನಿಮ್ಮ ದೇಹದಲ್ಲಿ ಮಾತ್ರ ಇಲ್ಲ. ಯಾವ ಡಿಎನ್ಎ ಪರೀಕ್ಷೆಯೂ ಅವರನ್ನು ತೋರಿಸಲಾರದು. ಅವರಿಗೆ ಉಳಿದಿರುವ ಏಕೈಕ ದಾಖಲೆ ಕಾಗದ, ಇಲ್ಲವೇ ಅಜ್ಜಿಯ ಬಾಯಿ.

ಈ ಲೆಕ್ಕ ನಮ್ಮ ಸೀಮೆಗೆ ಬಂದರೆ ಇನ್ನೂ ಗೋಜಲು. ಇಲ್ಲಿ ಅಕ್ಕನ ಮಗಳನ್ನು ಮದುವೆಯಾಗುವುದು ಸೋದರಮಾವನ ಹಕ್ಕು ಎಂದೇ ಭಾವಿಸಿದ್ದ ಕಾಲವಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಅಂಥ ಮದುವೆಯಲ್ಲಿ ಹುಟ್ಟಿದ ಮಗುವಿನ ಮರ ಬರೆದು ನೋಡಿ. ಅಪ್ಪನ ಅಮ್ಮ ಮಗುವಿಗೆ ಅಜ್ಜಿ. ಅಮ್ಮನ ಅಮ್ಮನ ಅಮ್ಮ ಮುತ್ತಜ್ಜಿ. ಇಬ್ಬರೂ ಒಬ್ಬಳೇ! ಮೂರು ತಲೆಮಾರಿನವರೆಗೆ 14 ಸ್ಥಾನಗಳಿರುವ ಮರದಲ್ಲಿ ಇರುವವರು 12 ಜನ. ಸೋದರತ್ತೆಯ ಮಗನನ್ನೋ ಸೋದರಮಾವನ ಮಗಳನ್ನೋ ತಂದಲ್ಲಿ ಎಂಟು ಮುತ್ತಜ್ಜ ಮುತ್ತಜ್ಜಿಯರ ಬದಲು ಆರು. ವಿದೇಶಿ ತಂತ್ರಾಂಶಗಳಲ್ಲಿ ಮರ ಬರೆಯುವ ಹವ್ಯಾಸಿಗಳು ಆ ಒಬ್ಬಳೇ ಅಜ್ಜಿಯನ್ನು ಎರಡು ಚೌಕದಲ್ಲಿ ಇಬ್ಬರನ್ನಾಗಿ ಬರೆದುಬಿಡುವುದುಂಟು. ಪ್ರತಿ ವ್ಯಕ್ತಿಗೂ ಒಂದೇ ಅಂಕೆ ಕೊಟ್ಟು, ಎಷ್ಟು ಕಡೆ ಬಂದರೂ ಅದೇ ಅಂಕೆ ಬರೆಯುವುದು ಇದಕ್ಕೆ ಮದ್ದು.

ಇದು ಬರೀ ಬರವಣಿಗೆಯ ತೊಡಕಲ್ಲ. ಒಂದು ಜೀನಿನ ಎರಡೂ ಪ್ರತಿಗಳು ಒಬ್ಬರೇ ಪೂರ್ವಿಕರ ಒಂದೇ ಪ್ರತಿಯಿಂದ ಬಂದಿರುವ ಸಂಭವ ಸೋದರಮಾವನ ಮದುವೆಯ ಮಗುವಿನಲ್ಲಿ ಎಂಟರಲ್ಲಿ ಒಂದು. ಸೋದರತ್ತೆ, ಸೋದರಮಾವನ ಮಕ್ಕಳ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಎರಡು ಪ್ರತಿಯೂ ಕೆಟ್ಟಾಗ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳಿಗೆ ಅದು ದಾರಿ. 1980ರ ದಶಕದಲ್ಲಿ ಬೆಂಗಳೂರು, ಮೈಸೂರು ಆಸ್ಪತ್ರೆಗಳ ನವಜಾತ ಶಿಶುಗಳನ್ನು ಪರೀಕ್ಷಿಸಿದ ಅಧ್ಯಯನದಲ್ಲಿ ಎನ್. ಅಪ್ಪಾಜಿ ರಾವ್, ಅಲನ್ ಬಿಟಲ್ಸ್ ಮತ್ತು ಸಂಗಡಿಗರು ಕಂಡಂತೆ ಸುಮಾರು ಮೂರರಲ್ಲೊಂದು ದಂಪತಿ ರಕ್ತಸಂಬಂಧಿಗಳಾಗಿದ್ದರು, ಅದರಲ್ಲೂ ಸೋದರಮಾವನ ಮದುವೆಗಳೇ ಹೆಚ್ಚು. ಇಂಥ ಮದುವೆಯಾದವರ ಮಕ್ಕಳೆಲ್ಲ ಕಾಯಿಲೆಯವರೆಂದಲ್ಲ. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಮನೆಯಲ್ಲಿ ಒಂದೇ ಬಗೆಯಲ್ಲಿ ತೀರಿಕೊಂಡ ಎಳೆಯ ಮಕ್ಕಳಿದ್ದರೆ ಅವರನ್ನು ಮರದಲ್ಲಿ ಬರೆಯಲೇಬೇಕು. ವಂಶವೃಕ್ಷಗಳು ಬಿಡುವುದು ಮೊದಲು ಹೆಂಗಸರನ್ನು, ಆಮೇಲೆ ಸತ್ತ ಮಕ್ಕಳನ್ನು. ತಳಿವೈದ್ಯರು ಮೊದಲು ಕೇಳುವುದೂ ಇವರ ಬಗ್ಗೆಯೇ.

ಮದುವೆ ಮನೆಯೊಳಗಲ್ಲದಿದ್ದರೂ ಜಾತಿಯೊಳಗೇ ಸಾವಿರಾರು ವರ್ಷ ನಡೆದರೆ ಅದರ ಗುರುತೂ ಉಳಿಯುತ್ತದೆ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕೆ. ತಂಗರಾಜ್, ಹಾರ್ವರ್ಡಿನ ಡೇವಿಡ್ ರೈಕ್ ಮೊದಲಾದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನು ನೋಡಿದ್ದರು. ಕೆಲವೇ ಪೂರ್ವಿಕರಿಂದ ಬೆಳೆದ ಲಕ್ಷಣ ಅವುಗಳಲ್ಲಿ 81 ಗುಂಪುಗಳಲ್ಲಿ ಫಿನ್‌ಲ್ಯಾಂಡಿನವರಿಗಿಂತ, ಅಶ್ಕೆನಾಜಿ ಯಹೂದಿಗಳಿಗಿಂತ ಬಲವಾಗಿತ್ತು. ಇದಕ್ಕೆ ಹೆಸರಾದ ಉದಾಹರಣೆ ವೈಶ್ಯರು. ಚಿಂತಾಮಣಿ, ಗೌರಿಬಿದನೂರು ಪೇಟೆಗಳಲ್ಲೂ ಆರ್ಯವೈಶ್ಯರ ಅಂಗಡಿಗಳಿವೆ. ಈ ಸಮುದಾಯದಲ್ಲಿ ಬ್ಯುಟಿರಿಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವದ ಕೊರತೆ ಬೇರೆಯವರಿಗಿಂತ ಬಹಳ ಹೆಚ್ಚು. ದಿನನಿತ್ಯದ ಬದುಕಿನಲ್ಲಿ ಅದರಿಂದ ಏನೂ ತೊಂದರೆಯಿಲ್ಲ. ಆದರೆ ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಔಷಧಿ ಅಂಥವರ ದೇಹದಲ್ಲಿ ಬೇಗ ಕರಗದೆ ಉಸಿರಾಟವೇ ಬಹಳ ಹೊತ್ತು ನಿಂತುಬಿಡಬಹುದು. ಅರಿವಳಿಕೆ ತಜ್ಞರಿಗೆ ಮುಂಚೆಯೇ ಗೊತ್ತಿದ್ದರೆ ಬೇರೆ ಔಷಧಿ ಕೊಡುತ್ತಾರೆ. ‘ನಮ್ಮ ಚಿಕ್ಕಪ್ಪನಿಗೆ ಆಪರೇಷನ್ ಆದ ಮೇಲೆ ಎಚ್ಚರವೇ ಆಗಲಿಲ್ಲವಂತೆ’ ಎಂಬ ಮನೆಮಾತು ವಂಶವೃಕ್ಷದ ಪಕ್ಕದಲ್ಲಿ ಬರೆದಿಡಬೇಕಾದ ಮಾಹಿತಿ.

ಹಾಗಾದರೆ ಎಂಜಲು ಕೊಟ್ಟು ಡಿಎನ್ಎ ಪರೀಕ್ಷೆ ಮಾಡಿಸಿಬಿಡೋಣವೇ? ವಂಶ ಹುಡುಕಲೆಂದಾದರೆ ನನ್ನ ಸಲಹೆ: ಸದ್ಯಕ್ಕೆ ಬೇಡ. ಈ ಕಂಪನಿಗಳು ‘ಇಂಥವರು ನಿಮಗೆ ಇಷ್ಟನೇ ಹಂತದ ಸಂಬಂಧಿ’ ಎಂದು ಹೇಳುವುದು ಇಬ್ಬರ ಡಿಎನ್ಎಯಲ್ಲಿ ಎಷ್ಟು ಚೂರು ಒಂದೇ ಎಂದು ಅಳೆದು. ತಲೆತಲಾಂತರದಿಂದ ಒಳಗೊಳಗೇ ಕೊಟ್ಟು ತಂದ ಗುಂಪಿನಲ್ಲಿ ದೂರದವರೂ ಹತ್ತು ದಾರಿಯಿಂದ ನೆಂಟರಾಗಿರುತ್ತಾರೆ. ಚೂರುಗಳೆಲ್ಲ ಕೂಡಿದಾಗ ಅವರು ಹತ್ತಿರದವರ ಹಾಗೆ ಕಾಣುತ್ತಾರೆ. ಭಾರತೀಯ ಗುಂಪುಗಳ ಮಾದರಿಗಳೂ ಅವರ ಬಳಿ ಕಡಿಮೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ 83 ಗುಂಪುಗಳ ಸುಮಾರು 10,000 ಜನರ ಜೀನೋಮ್ ಓದಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿದೆ. ಅದರ ಫಲ ಬರಲಿ. ಗೋಪ್ಯತೆಯ ಮಾತೂ ಇದೆ: ಅಮೆರಿಕದ 23ಆಂಡ್‌ಮಿ ಕಂಪನಿಯ ಸುಮಾರು 69 ಲಕ್ಷ ಗ್ರಾಹಕರ ಮಾಹಿತಿ 2023ರಲ್ಲಿ ಸೋರಿತು, 2025ರ ಮಾರ್ಚಿನಲ್ಲಿ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಒಬ್ಬರು ಕೊಟ್ಟ ಎಂಜಲಿನಲ್ಲಿ ಅಣ್ಣತಮ್ಮಂದಿರ, ಮಕ್ಕಳ ಗುಟ್ಟೂ ಇರುತ್ತದೆ. ಅವರನ್ನು ಯಾರು ಕೇಳಿದ್ದರು?

ಎಷ್ಟು ಹಿಂದೆ ಹೋಗಬೇಕು ಎನ್ನುವುದಕ್ಕೂ ಒಂದು ಲೆಕ್ಕವಿದೆ. ನಂದಿಯ ಭೋಗನಂದೀಶ್ವರ ದೇವಾಲಯ ಒಂಬತ್ತನೇ ಶತಮಾನದ ಆರಂಭದ ಶಾಸನಗಳಲ್ಲಿ ಬರುತ್ತದೆ. ಅಲ್ಲಿಂದ ಇಲ್ಲಿಗೆ 1,200 ವರ್ಷ. ತಲೆಮಾರಿಗೆ 25 ವರ್ಷದಂತೆ 48 ತಲೆಮಾರು. ಪ್ರತಿ ಸಲ ದುಪ್ಪಟ್ಟು ಮಾಡುತ್ತ ಹೋದರೆ ನಿಮ್ಮ ಮರದಲ್ಲಿ ಆ ಕಾಲಕ್ಕೆ ಇರುವ ಸ್ಥಾನಗಳು 281 ಲಕ್ಷ ಕೋಟಿ. ಅಷ್ಟು ಜನ ಭೂಮಿಯ ಮೇಲೆ ಯಾವತ್ತೂ ಇರಲಿಲ್ಲ. ಒಬ್ಬೊಬ್ಬರೇ ಲಕ್ಷಾಂತರ ಸ್ಥಾನಗಳಲ್ಲಿ ಕೂತಿದ್ದಾರೆ ಎನ್ನದೆ ವಿಧಿಯಿಲ್ಲ. 2004ರಲ್ಲಿ ಡಗ್ಲಸ್ ರೋಡ್ ಮತ್ತು ಸಂಗಡಿಗರು ಗಣಿತ ಮಾದರಿ ಕಟ್ಟಿ ತೋರಿಸಿದಂತೆ, ಇಂದು ಬದುಕಿರುವ ಮನುಷ್ಯರೆಲ್ಲರಿಗೂ ಪೂರ್ವಿಕನಾದ ಒಬ್ಬ ವ್ಯಕ್ತಿ ಕೆಲವೇ ಸಾವಿರ ವರ್ಷಗಳ ಹಿಂದೆ ಇದ್ದಿರಬೇಕು. ಹೀಗಾಗಿ ಹತ್ತು ತಲೆಮಾರು ದಾಟಿದ ಮೇಲೆ ‘ನಮ್ಮ ಮನೆತನ’ ಎನ್ನುವುದಕ್ಕೆ ಜೀವವಿಜ್ಞಾನದಲ್ಲಿ ಅರ್ಥ ಉಳಿಯುವುದಿಲ್ಲ. ರಾಜರ ವಂಶಕ್ಕೆ ಗಂಟುಹಾಕಿಕೊಳ್ಳುವ ಶ್ರಮವೂ ವ್ಯರ್ಥ. ಹವ್ಯಾಸಿಗೆ ಬೆಳೆ ಇರುವುದು ಹತ್ತಿರದ ಐದಾರು ತಲೆಮಾರುಗಳಲ್ಲಿ. ಅದರಲ್ಲಿ ಅರ್ಧ ಮಂದಿ ಹೆಂಗಸರು.

ಆದ್ದರಿಂದ ಈ ನಾಲ್ಕು ತಾಲ್ಲೂಕಿನ ಓದುಗರಲ್ಲಿ ಒಂದು ಕೋರಿಕೆ. ನಾಡಕಚೇರಿಗೆ ಹೋಗುವ ಮುಂಚೆ ಮನೆಯ ಅತಿ ಹಿರಿಯ ಹೆಂಗಸಿನ ಎದುರು ಪುಸ್ತಕ ಹಿಡಿದು ಕೂರಿ. ಅವರಿಗೆ ತವರಿನಲ್ಲಿದ್ದ ಹೆಸರು, ಅಮ್ಮನ ಹೆಸರು, ಅಮ್ಮನ ತವರೂರು, ಆ ಮನೆಯ ಬೆಡಗು ಅಥವಾ ಇಂಟಿಪೇರು ಬರೆದುಕೊಳ್ಳಿ. ಗಂಡ ಹೆಂಡತಿ ಮದುವೆಗೆ ಮುಂಚೆ ಏನು ನೆಂಟರು ಎಂದು ಕೇಳಿ. ಹುಟ್ಟಿ ಹೋದ ಮಕ್ಕಳೆಷ್ಟು, ಯಾವ ವಯಸ್ಸಿಗೆ, ಏನಾಗಿತ್ತು ಎನ್ನುವುದನ್ನು ಮೆಲ್ಲಗೆ, ಅವರಿಗೆ ಮನಸ್ಸಿದ್ದರೆ ಮಾತ್ರ ಕೇಳಿ. ಯಾರು ಹೇಳಿದ್ದು, ಯಾವ ದಿನ ಎಂದು ಪಕ್ಕದಲ್ಲಿ ಬರೆಯಿರಿ. ಆಮೇಲೆ ಅದರ ಒಂದೊಂದು ಪ್ರತಿ ಮಾಡಿಸಿ, ಮದುವೆಯಾಗಿ ಬೇರೆ ಊರಿಗೆ ಹೋಗಿರುವ ಅಕ್ಕತಂಗಿಯರ ಮನೆಗಳಿಗೂ ಕೊಡಿ.